ಸರ್ವರ್‌ಗೆ ಆಟೋಮ್ಯಾಟಿಕ್ ಓಎಸ್ ಹಾಕಿಸ್ತೀರಾ? ಯಾವ ಡಿಸ್ಕ್‌ಗೆ ಅಂತ ಮೊದಲು ಕೇಳಿ

ಸೂಪರ್ ಮಾರ್ಕೆಟ್, ಮೆಡಿಕಲ್ ಶಾಪ್, ಗೊಬ್ಬರದ ಅಂಗಡಿ, ಲ್ಯಾಬ್, ಖಾಸಗಿ ಶಾಲೆ. ಎರಡು ಮೂರು ಕಂಪ್ಯೂಟರ್ ಒಟ್ಟಿಗೆ ಕೆಲಸ ಮಾಡುವ ಇಂಥ ಎಷ್ಟೋ ಕಡೆ ಹಿಂದಿನ ಕೋಣೆಯಲ್ಲಿ ಯುಪಿಎಸ್ ಪಕ್ಕ ಒಂದು ಸರ್ವರ್ ಇರುತ್ತದೆ. ಸ್ಟಾಕು, ಬಿಲ್ಲು, ಉದ್ರಿ ಲೆಕ್ಕ ಎಲ್ಲ ಅದರ ಹೊಟ್ಟೆಯಲ್ಲೇ.

ಈಗ ಇಂಥ ಮೆಷಿನ್‌ಗಳಿಗೆ ಹೊಸ ಓಎಸ್ ಹಾಕಿಸುವ ಸಮಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸರ್ವರ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಉಬುಂಟು 20.04ರ ಉಚಿತ ಸಪೋರ್ಟ್ ಅದೇ ವರ್ಷದ ಮೇ ಕೊನೆಗೆ ನಿಂತಿದೆ. ಹಾಗಾಗಿ ‘ಹೊಸದು ಹಾಕಿಬಿಡಿ’ ಅಂತ ಮೆಷಿನ್ ಬಿಚ್ಚಿ ಕಂಪ್ಯೂಟರ್ ಅಂಗಡಿಗೆ ಕೊಡುವವರು ಇದ್ದಾರೆ.

ಅಲ್ಲಿ ಟೆಕ್ನಿಷಿಯನ್ ಹತ್ತಿರ ಒಂದು ಪೆನ್‌ಡ್ರೈವ್ ಇರಬಹುದು. ಚುಚ್ಚಿ ಆನ್ ಮಾಡಿದರೆ ಸಾಕು, ಅರ್ಧ ಗಂಟೆಯಲ್ಲಿ ಓಎಸ್ ತಾನೇ ಕೂತುಬಿಡುತ್ತದೆ. ಒಂದು ಪ್ರಶ್ನೆಯನ್ನೂ ಕೇಳಲ್ಲ. ಅನುಕೂಲ ಇರೋದೂ ಅಲ್ಲೇ, ಅಪಾಯ ಇರೋದೂ ಅಲ್ಲೇ. ಮೆಷಿನ್‌ನಲ್ಲಿ ಎರಡು ಡಿಸ್ಕ್ ಇದ್ದು, ಅದು ತಪ್ಪು ಡಿಸ್ಕ್ ಆರಿಸಿಕೊಂಡರೆ ನಿಮ್ಮ ಲೆಕ್ಕ ಹೋಯ್ತು ಅಂತಲೇ ತಿಳಿಯಿರಿ.

ಉತ್ತರಗಳನ್ನು ಮೊದಲೇ ಬರೆದಿಡುವ ಪದ್ಧತಿ

ಕೈಯಿಂದ ಓಎಸ್ ಹಾಕುವಾಗ ಕಂಪ್ಯೂಟರ್ ಒಂದೊಂದೇ ಪ್ರಶ್ನೆ ಕೇಳುತ್ತದೆ. ಭಾಷೆ ಯಾವುದು, ಕೀಬೋರ್ಡ್ ಯಾವುದು, ಯಾವ ಡಿಸ್ಕ್‌ಗೆ ಹಾಕಲಿ, ಪಾಸ್‌ವರ್ಡ್ ಏನು. ಹತ್ತಿಪ್ಪತ್ತು ಮೆಷಿನ್‌ಗೆ ಇದನ್ನೇ ಮಾಡಿದರೆ ದಿನವೆಲ್ಲ ಅಲ್ಲೇ ಕೂರಬೇಕು.

ಅದಕ್ಕೇ ಎಲ್ಲ ಉತ್ತರಗಳನ್ನೂ ಒಂದು ಫೈಲ್‌ನಲ್ಲಿ ಮೊದಲೇ ಬರೆದಿಡುತ್ತಾರೆ. ಉಬುಂಟು ಸರ್ವರ್‌ನಲ್ಲಿ ಇದಕ್ಕೆ ‘ಆಟೋಇನ್‌ಸ್ಟಾಲ್’ ಅಂತ ಹೆಸರು, 2020ರಲ್ಲಿ ಬಂದ 20.04 ಆವೃತ್ತಿಯಿಂದ ಇದೆ. ರೆಡ್ ಹ್ಯಾಟ್ ಬಳಗದಲ್ಲಿ ‘ಕಿಕ್‌ಸ್ಟಾರ್ಟ್’, ಡೆಬಿಯನ್‌ನಲ್ಲಿ ‘ಪ್ರಿಸೀಡ್’ ಅಂತಾರೆ. ವಿಂಡೋಸ್‌ನಲ್ಲಿ ‘ಆಟೋ ಅನ್‌ಅಟೆಂಡ್’ ಅನ್ನುವ ಫೈಲ್ ಪೆನ್‌ಡ್ರೈವ್‌ನಲ್ಲಿ ಇಟ್ಟರೆ ಸೆಟಪ್ ತಾನೇ ಹುಡುಕಿ ಓದಿಕೊಳ್ಳುತ್ತದೆ.

ಈ ಫೈಲ್‌ನಲ್ಲಿ ಭಾಷೆ ತಪ್ಪಿದರೆ ಆಮೇಲೆ ಬದಲಿಸಬಹುದು. ಪಾಸ್‌ವರ್ಡ್ ತಪ್ಪಿದರೂ ದಾರಿ ಇದೆ. ಆದರೆ ಡಿಸ್ಕ್ ಬಗ್ಗೆ ಬರೆದ ನಾಲ್ಕೈದು ಸಾಲು ತಪ್ಪಿದರೆ ಹಿಂದಕ್ಕೆ ಬರೋ ದಾರಿ ಇಲ್ಲ. ಹಾಗಾಗಿ ಆ ಸಾಲುಗಳ ಬಗ್ಗೆ ಮೆಷಿನ್ ಮಾಲೀಕರಿಗೂ ಸ್ವಲ್ಪ ಗೊತ್ತಿರಬೇಕು.

ಜಮೀನಿನ ಲೆಕ್ಕದಲ್ಲೇ ಹೇಳೋದಾದ್ರೆ

ಡಿಸ್ಕ್ ಅಂದ್ರೆ ಒಂದು ಸರ್ವೆ ನಂಬರಿನ ಜಮೀನು ಅಂದುಕೊಳ್ಳಿ. ಅದನ್ನು ಪೋಡಿ ಮಾಡಿದಾಗ ಬರುವ ತುಂಡುಗಳೇ ಪಾರ್ಟಿಷನ್. ನೀವು ನೋಡುವ ಸಿ ಡ್ರೈವ್, ಡಿ ಡ್ರೈವ್ ಇವೇ. ಎಲ್ಲಿಂದ ಎಲ್ಲಿವರೆಗೆ ಯಾವ ತುಂಡು ಅನ್ನುವ ನಕ್ಷೆ ಡಿಸ್ಕ್‌ನಲ್ಲೇ ಇರುತ್ತದೆ. ಅದಕ್ಕೆ ಪಾರ್ಟಿಷನ್ ಟೇಬಲ್ ಅಂತಾರೆ. ಫಾರ್ಮ್ಯಾಟ್ ಹೊಡೆಯೋದು ಅಂದ್ರೆ ಆ ತುಂಡನ್ನು ಹೊಸ ಬೆಳೆಗೆ ಹದ ಮಾಡಿದ ಹಾಗೆ. ಹಿಂದಿನ ಬೆಳೆ ಉಳಿಯಲ್ಲ.

ಆಟೋಮ್ಯಾಟಿಕ್ ಇನ್‌ಸ್ಟಾಲರ್ ಜೆಸಿಬಿ ಇದ್ದ ಹಾಗೆ. ಡ್ರೈವರ್‌ಗೆ ಸರ್ವೆ ನಂಬರ್ ಕೊಟ್ಟು ಕಳಿಸಿದರೆ ಸರಿಯಾದ ಹೊಲಕ್ಕೇ ಹೋಗ್ತಾನೆ. ‘ಅಲ್ಲಿ ಕಾಣುತ್ತಲ್ಲ, ದೊಡ್ಡ ಹೊಲ, ಅದನ್ನ ಲೆವೆಲ್ ಮಾಡು’ ಅಂದ್ರೆ? ಪಕ್ಕದ ತೋಟಕ್ಕೂ ನುಗ್ಗಬಹುದು.

‘ದೊಡ್ಡ ಡಿಸ್ಕ್’ ಆರಿಸೋ ಅಪಾಯ

ಜೆಸಿಬಿ ಉದಾಹರಣೆ ಬರೀ ಹೋಲಿಕೆಗೆ ಹೇಳಿದ್ದಲ್ಲ. ಉಬುಂಟು ಆಟೋಇನ್‌ಸ್ಟಾಲ್‌ನಲ್ಲಿ ಡಿಸ್ಕ್ ವಿಭಾಗದಲ್ಲಿ ಬರೀ ‘ಎಲ್‌ವಿಎಂ’ ಅಥವಾ ‘ಡೈರೆಕ್ಟ್’ ಅಂತ ರೆಡಿ ವಿನ್ಯಾಸದ ಹೆಸರು ಬರೆದು, ಯಾವ ಡಿಸ್ಕ್ ಅಂತ ಹೇಳದೆ ಬಿಟ್ಟರೆ, ಅದು ಮೆಷಿನ್‌ನಲ್ಲಿರುವ ಅತಿ ದೊಡ್ಡ ಡಿಸ್ಕ್ ಆರಿಸಿಕೊಳ್ಳುತ್ತದೆ. ಒಂದೇ ಡಿಸ್ಕ್ ಇದ್ದರೆ ತೊಂದರೆ ಇಲ್ಲ. ಎರಡು ಇದ್ದರೆ?

ಅಂಗಡಿ ಸರ್ವರ್‌ಗಳಲ್ಲಿ ಸಾಮಾನ್ಯವಾಗಿ ಮಾಡೋ ಜೋಡಣೆ ಹೀಗಿರುತ್ತದೆ: ಓಎಸ್‌ಗೆ 240 ಜಿಬಿಯ ಚಿಕ್ಕ ಎಸ್‌ಎಸ್‌ಡಿ, ಹಳೇ ಬಿಲ್ಲು, ಬ್ಯಾಕಪ್, ಸಿಸಿಟಿವಿ ರೆಕಾರ್ಡಿಂಗ್ ಇಡಲು 2 ಟಿಬಿಯ ಹಾರ್ಡ್ ಡಿಸ್ಕ್. ಇನ್‌ಸ್ಟಾಲರ್ ಕಣ್ಣಿಗೆ ದೊಡ್ಡದು ಯಾವುದು? ಆ 2 ಟಿಬಿ ಡಿಸ್ಕೇ. ಯಾವುದನ್ನು ಮುಟ್ಟಬಾರದೋ ಅದನ್ನೇ ಅಳಿಸಿ ಅದರ ಮೇಲೆ ಓಎಸ್ ಹಾಕುತ್ತದೆ. ಚಿಕ್ಕ ಎಸ್‌ಎಸ್‌ಡಿ ಹಾಗೇ ಇರುತ್ತದೆ.

ವಿಂಡೋಸ್ ಉತ್ತರ ಫೈಲ್‌ನಲ್ಲಿ ಡಿಸ್ಕ್‌ಗಳನ್ನು 0, 1, 2 ಅಂತ ಎಣಿಸುತ್ತಾರೆ. ‘ಡಿಸ್ಕ್ 0 ಪೂರ್ತಿ ಅಳಿಸು’ ಅಂತ ಬರೆದಿದ್ದರೆ ಅದು ಸೊನ್ನೆ ನಂಬರಿನ ಡಿಸ್ಕ್ ಅಳಿಸುತ್ತದೆ, ಅದರಲ್ಲಿ ಏನಿದೆ ಅಂತ ನೋಡಲ್ಲ. ಕಿಕ್‌ಸ್ಟಾರ್ಟ್‌ನಲ್ಲಿ ‘ಕ್ಲಿಯರ್‌ಪಾರ್ಟ್’ ಸಾಲಿಗೆ ‘ಆಲ್’ ಸೇರಿಸಿ, ಯಾವ ಡಿಸ್ಕ್‌ಗೆ ಮಾತ್ರ ಅಂತ ಕಟ್ಟುಪಾಡು ಹಾಕದಿದ್ದರೆ ಮೆಷಿನ್‌ಗೆ ಸಿಕ್ಕಿಸಿರುವ ಎಲ್ಲ ಡಿಸ್ಕ್‌ನ ನಕ್ಷೆಯೂ ಅಳಿಸಿಹೋಗುತ್ತದೆ.

ಡಿಸ್ಕ್ ಗುರುತಿಸಲು ಸೀರಿಯಲ್ ನಂಬರ್ರೇ ಗಟ್ಟಿ

‘ನಾನು ಡಿಸ್ಕ್ ಹೆಸರು ಬರೆದಿದ್ದೀನಲ್ಲ’ ಅಂತ ಕೆಲವರು ಹೇಳಬಹುದು. ಲಿನಕ್ಸ್‌ನಲ್ಲಿ ಡಿಸ್ಕ್‌ಗಳಿಗೆ ಎಸ್‌ಡಿಎ, ಎಸ್‌ಡಿಬಿ ಅಂತ ಹೆಸರು ಬರುತ್ತವೆ. ಇವು ಕಾಯಂ ಹೆಸರಲ್ಲ. ಆನ್ ಆದಾಗ ಯಾವ ಡಿಸ್ಕ್ ಮೊದಲು ಕಂಡಿತೋ ಅದಕ್ಕೆ ‘ಎ’, ಆಮೇಲೆ ಬಂದದ್ದಕ್ಕೆ ‘ಬಿ’. ಒಂದು ಪೆನ್‌ಡ್ರೈವ್ ಹಾಕಿದರೆ, ಕೇಬಲ್ ಬೇರೆ ಪೋರ್ಟ್‌ಗೆ ಚುಚ್ಚಿದರೆ ಈ ಕ್ರಮ ಬದಲಾಗಬಹುದು. ನಿನ್ನೆ ಎಸ್‌ಎಸ್‌ಡಿಗೆ ಇದ್ದ ಹೆಸರು ಇವತ್ತು ಡೇಟಾ ಡಿಸ್ಕ್‌ಗೆ ಬರಬಹುದು. ‘ರಸ್ತೆಯಿಂದ ಮೊದಲನೇ ಹೊಲ’ ಅಂದ ಹಾಗೆ, ಯಾವ ರಸ್ತೆಯಿಂದ ಬಂದ್ರಿ ಅನ್ನೋದರ ಮೇಲೆ ಅದು ನಿಂತಿದೆ.

ಬದಲಾಗದೇ ಇರೋದು ಸೀರಿಯಲ್ ನಂಬರ್. ಪ್ರತಿ ಡಿಸ್ಕ್‌ನ ಮೇಲಿನ ಸ್ಟಿಕ್ಕರ್‌ನಲ್ಲಿ ಅಚ್ಚಾಗಿರುತ್ತದೆ. ಬಿಚ್ಚದೆಯೂ ನೋಡಬಹುದು: ಲಿನಕ್ಸ್‌ನಲ್ಲಿ ‘ಎಲ್‌ಎಸ್‌ಬಿಎಲ್‌ಕೆ’ ಕಮಾಂಡ್‌ಗೆ ಸೀರಿಯಲ್ ತೋರಿಸು ಅಂತ ಹೇಳಿದರೆ ಡಿಸ್ಕ್, ಅಳತೆ, ಸೀರಿಯಲ್ ಒಟ್ಟಿಗೆ ತೋರಿಸುತ್ತದೆ. ವಿಂಡೋಸ್‌ನಲ್ಲಿ ಪವರ್‌ಶೆಲ್ ತೆರೆದು ‘ಗೆಟ್-ಡಿಸ್ಕ್’ ಅಂತ ಟೈಪ್ ಮಾಡಿದರೂ ಸಿಗುತ್ತದೆ.

ಉಬುಂಟು ಫೈಲ್‌ನಲ್ಲಿ ‘ಮ್ಯಾಚ್’ ಎಂಬ ಜಾಗ ಇದೆ. ಅಲ್ಲಿ ಈ ಸೀರಿಯಲ್ ನಂಬರ್ ಬರೆದರೆ ಇನ್‌ಸ್ಟಾಲರ್ ಆ ಡಿಸ್ಕ್ ಮಾತ್ರ ಹುಡುಕುತ್ತದೆ. ಸಿಗದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ, ಬೇರೆ ಡಿಸ್ಕ್‌ಗೆ ಕೈ ಹಾಕಲ್ಲ. ಒಂದೇ ಥರದ ಇಪ್ಪತ್ತು ಮೆಷಿನ್‌ಗೆ ಹಾಕುವಾಗ ಪ್ರತಿಯೊಂದರ ಸೀರಿಯಲ್ ಬರೆಯೋದು ಕಷ್ಟ. ಆಗ ಮಾಡೆಲ್ ಹೆಸರು ಕೊಡಬಹುದು, ಅಥವಾ ‘ಎಸ್‌ಎಸ್‌ಡಿ ಮಾತ್ರ’ ಅಂತ ಷರತ್ತು ಹಾಕಬಹುದು. ಕಿಕ್‌ಸ್ಟಾರ್ಟ್‌ನಲ್ಲಿ ‘ಇಗ್ನೋರ್‌ಡಿಸ್ಕ್’ ಸಾಲಿನಲ್ಲಿ ಬಳಸಬೇಕಾದ ಡಿಸ್ಕ್ ಮಾತ್ರ ಹೆಸರಿಸಿ, ಉಳಿದದ್ದನ್ನು ನೋಡಲೇಬೇಡ ಅನ್ನಬಹುದು. ಅಲ್ಲೂ ಎಸ್‌ಡಿಎ ಅನ್ನುವ ಬದಲು ಸೀರಿಯಲ್ ಸೇರಿರುವ ಕಾಯಂ ಹೆಸರು ಕೊಡೋದು ಒಳ್ಳೆಯದು.

ಅಂಗಡಿಯ ಒಂದೇ ಮೆಷಿನ್ ಆದರೆ ಇನ್ನೂ ಸುಲಭದ ದಾರಿ ಇದೆ. ಓಎಸ್ ಹಾಕುವ ಮುಂಚೆ ಮೆಷಿನ್ ಆಫ್ ಮಾಡಿ ಡೇಟಾ ಡಿಸ್ಕ್‌ನ ಕೇಬಲ್ ಕಿತ್ತಿಡಿ. ಸಿಕ್ಕಿಸದೇ ಇರೋ ಡಿಸ್ಕನ್ನು ಯಾವ ಫೈಲೂ ಅಳಿಸಲಾರದು. ಕೆಲಸ ಮುಗಿದ ಮೇಲೆ ಮತ್ತೆ ಸಿಕ್ಕಿಸಿದರಾಯ್ತು.

ಕರೆಂಟ್ ಹೋಗಿ ಬಂದರೆ ಏನಾಗುತ್ತೆ?

ನಮ್ಮ ಕಡೆ ಇದನ್ನು ಹೇಳದೇ ಇರೋಕಾಗಲ್ಲ. ಟೆಕ್ನಿಷಿಯನ್ ಬಂದು ಓಎಸ್ ಹಾಕಿ ಹೋಗ್ತಾರೆ. ಪೆನ್‌ಡ್ರೈವ್ ಸರ್ವರ್ ಹಿಂದೆಯೇ ಉಳಿಯುತ್ತದೆ, ಯಾರೂ ಗಮನಿಸಲ್ಲ. ಮೆಷಿನ್‌ನ ಬೂಟ್ ಕ್ರಮದಲ್ಲಿ ಯುಎಸ್‌ಬಿ ಮೊದಲು ಅಂತ ಇದೆ. ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗೋ ಸೆಟ್ಟಿಂಗ್ ಕೂಡ ಇದೆ.

ಒಂದು ರಾತ್ರಿ ಕರೆಂಟ್ ಹೋಯ್ತು, ಯುಪಿಎಸ್ ಬ್ಯಾಟರಿ ಇಳೀತು, ಬೆಳಗಿನ ಜಾವ ಕರೆಂಟ್ ಬಂತು. ಸರ್ವರ್ ಆನ್ ಆಗಿ ಪೆನ್‌ಡ್ರೈವ್‌ನಿಂದಲೇ ಶುರುವಾಗುತ್ತದೆ, ಉತ್ತರ ಫೈಲ್ ಓದುತ್ತದೆ, ಡಿಸ್ಕ್ ಅಳಿಸಿ ಹೊಸದಾಗಿ ಓಎಸ್ ಹಾಕಿಬಿಡುತ್ತದೆ. ಷಟರ್ ಎತ್ತುವ ಹೊತ್ತಿಗೆ ಖಾಲಿ ಸರ್ವರ್.

ಇದನ್ನು ಉಬುಂಟು ತಯಾರಕರೂ ಯೋಚಿಸಿದ್ದಾರೆ. ಉತ್ತರ ಫೈಲ್ ಸಿಕ್ಕರೂ ಡಿಸ್ಕ್ ಮುಟ್ಟುವ ಮುಂಚೆ ಇನ್‌ಸ್ಟಾಲರ್ ಒಮ್ಮೆ ನಿಂತು ‘ಮುಂದುವರಿಸಲಾ?’ ಅಂತ ಕೇಳುತ್ತದೆ, ‘ಯೆಸ್’ ಅಂತ ಟೈಪ್ ಮಾಡಿದರೆ ಮಾತ್ರ ಮುಂದೆ ಹೋಗುತ್ತದೆ. ಬೂಟ್ ಸಾಲಿನಲ್ಲಿ ‘ಆಟೋಇನ್‌ಸ್ಟಾಲ್’ ಅನ್ನುವ ಪದ ಸೇರಿಸಿದ್ದರೆ ಮಾತ್ರ ಕೇಳದೆ ಶುರು ಮಾಡುತ್ತದೆ. ನೂರಾರು ಸರ್ವರ್ ಇರುವ ಡೇಟಾ ಸೆಂಟರ್‌ಗೆ ಆ ಪದ ಬೇಕು. ಒಂದು ಅಂಗಡಿಯ ಸರ್ವರ್‌ಗೆ ಬೇಡ. ಒಂದು ಪದ ಟೈಪ್ ಮಾಡೋ ಶ್ರಮ ಇರಲಿ ಬಿಡಿ.

ಓಎಸ್ ಹಾಕಿ ಮುಗಿದ ಕೂಡಲೇ ಪೆನ್‌ಡ್ರೈವ್ ಕಿತ್ತು, ಅದರ ಮೇಲೆ ‘ಇದು ಡಿಸ್ಕ್ ಅಳಿಸುತ್ತದೆ’ ಅಂತ ಚೀಟಿ ಅಂಟಿಸಿ. ಬೂಟ್ ಕ್ರಮದಲ್ಲಿ ಒಳಗಿನ ಡಿಸ್ಕ್ ಮೊದಲು ಬರುವಂತೆ ಬದಲಿಸಲು ಹೇಳಿ.

ಪಾರ್ಟಿಷನ್ ಎಷ್ಟೆಷ್ಟು ಇರಬೇಕು?

ಇದಕ್ಕೆ ಎಲ್ಲರಿಗೂ ಒಂದೇ ಲೆಕ್ಕ ಇಲ್ಲ. ಮೂರು ನಾಲ್ಕು ಬಿಲ್ಲಿಂಗ್ ಕೌಂಟರ್ ಇರುವ ಅಂಗಡಿಗೆ, ಉಬುಂಟು ಸರ್ವರ್, 240 ಜಿಬಿ ಎಸ್‌ಎಸ್‌ಡಿ ಅಂತ ಇಟ್ಟುಕೊಂಡರೆ ಹೀಗೆ ಮಾಡಬಹುದು:

● ಇಎಫ್‌ಐ ಪಾರ್ಟಿಷನ್: 1 ಜಿಬಿ. ಹೊಸ ಮೆಷಿನ್‌ಗಳು ಆನ್ ಆಗಲು ಮೊದಲು ಓದೋದು ಇದನ್ನೇ. ಇದು ಫ್ಯಾಟ್ 32 ರೀತಿಯಲ್ಲೇ ಇರಬೇಕು.

● ಬೂಟ್: 2 ಜಿಬಿ. ಲಿನಕ್ಸ್‌ನ ತಿರುಳು ಇರೋ ಜಾಗ. ಅಪ್‌ಡೇಟ್ ಆದಾಗ ಹಳೇದೂ ಹೊಸದೂ ಎರಡೂ ಕೂರಬೇಕು, ಇಕ್ಕಟ್ಟು ಮಾಡಬೇಡಿ.

● ರೂಟ್: 60 ಜಿಬಿ. ಓಎಸ್ ಮತ್ತು ಪ್ರೋಗ್ರಾಂಗಳು.

● ಡೇಟಾಬೇಸ್: 100 ಜಿಬಿ. ಬಿಲ್ಲಿಂಗ್ ಲೆಕ್ಕಕ್ಕೆ ಬೇರೆಯೇ ಕೋಣೆ.

● ಸ್ವಾಪ್: 8 ಜಿಬಿ. ರ‍್ಯಾಮ್ ತುಂಬಿದಾಗ ತಾತ್ಕಾಲಿಕ ಜಾಗ.

● ಉಳಿದ ಸುಮಾರು 50 ಜಿಬಿ: ಯಾರಿಗೂ ಕೊಡದೆ ಖಾಲಿ ಬಿಡಿ.

ಡೇಟಾಬೇಸ್‌ಗೆ ಬೇರೆ ಪಾರ್ಟಿಷನ್ ಯಾಕೆ? ಸರ್ವರ್ ದಿನವೂ ಲಾಗ್ ಬರೆಯುತ್ತಿರುತ್ತದೆ. ಯಾವುದೋ ಪ್ರೋಗ್ರಾಂ ಕೆಟ್ಟು ಒಂದೇ ಸಮನೆ ಲಾಗ್ ಬರೆಯೋಕೆ ಶುರು ಮಾಡಿದರೆ ರೂಟ್ ತುಂಬಿಹೋಗುತ್ತದೆ. ಎಲ್ಲ ಒಂದೇ ಕಡೆ ಇದ್ದರೆ ಬಿಲ್ಲು ಬರೆಯೋಕೂ ಜಾಗ ಇಲ್ಲ, ಹಬ್ಬದ ದಿನ ಕೌಂಟರ್ ನಿಂತಿತು. ಬೇರೆ ಇದ್ದರೆ ಬಿಲ್ಲಿನ ಜಾಗವನ್ನು ಲಾಗ್ ತಿನ್ನೋಕಾಗಲ್ಲ.

ಖಾಲಿ ಯಾಕೆ ಬಿಡಬೇಕು? ಇಲ್ಲಿ ಎಲ್‌ವಿಎಂ ಕೆಲಸಕ್ಕೆ ಬರುತ್ತದೆ. ಇದು ಪಾರ್ಟಿಷನ್‌ಗಳ ಗಡಿಯನ್ನು ಆಮೇಲೆ ಸರಿಸಲು ಬಿಡುವ ವ್ಯವಸ್ಥೆ. ಎರಡು ವರ್ಷ ಕಳೆದು ಡೇಟಾಬೇಸ್ ಬೆಳೆದರೆ ಖಾಲಿ ಇರೋದರಲ್ಲಿ 20 ಜಿಬಿ ಅದಕ್ಕೆ ಕೊಡಬಹುದು, ಸರ್ವರ್ ಆಫ್ ಮಾಡಬೇಕಾಗಿಲ್ಲ. ಹಿಗ್ಗಿಸೋದು ಸುಲಭ, ಕುಗ್ಗಿಸೋದು ಕಷ್ಟ. ಇಎಕ್ಸ್‌ಟಿ4 ಆದರೆ ಬಳಕೆ ನಿಲ್ಲಿಸಿ ಕುಗ್ಗಿಸಬಹುದು. ರೆಡ್ ಹ್ಯಾಟ್ ಬಳಗದಲ್ಲಿ ಮಾಮೂಲಿಯಾಗಿ ಬರುವ ಎಕ್ಸ್‌ಎಫ್‌ಎಸ್ ಅನ್ನು ಹಾಗೆ ಕುಗ್ಗಿಸೋಕೆ ಆಗಲ್ಲ. ಅದಕ್ಕೇ ಮೊದಲು ಕಡಿಮೆ ಕೊಟ್ಟು, ಬೇಕಾದಾಗ ಹೆಚ್ಚಿಸೋದು ಜಾಣತನ.

ನಕ್ಷೆ ಯಾವ ರೀತಿಯದ್ದು ಅನ್ನೋದೂ ಮುಖ್ಯ. ಹಳೇ ಎಂಬಿಆರ್ ಪದ್ಧತಿಯಲ್ಲಿ ನಾಲ್ಕೇ ಮುಖ್ಯ ಪಾರ್ಟಿಷನ್, ಸುಮಾರು 2.2 ಟಿಬಿಗಿಂತ ಆಚೆ ಅದಕ್ಕೆ ಕಾಣಲ್ಲ. 4 ಟಿಬಿ ಡಿಸ್ಕ್ ತಂದು ಎಂಬಿಆರ್ ಹಾಕಿದರೆ ಹತ್ತಿರ ಹತ್ತಿರ ಅರ್ಧ ದುಡ್ಡು ನೀರಿಗೆ. ಹೊಸ ಮೆಷಿನ್‌ಗೆ ಜಿಪಿಟಿ ಅಂತ ಫೈಲ್‌ನಲ್ಲಿ ಬರೆಯಲು ಹೇಳಿ.

‘2 ಟಿಬಿ ಹಾಕಿಸಿದ್ದೀನಿ, 100 ಜಿಬಿ ಮಾತ್ರ ಕಾಣ್ತಿದೆ’

ಇಂಥ ದೂರು ಬಂದರೆ ಡಿಸ್ಕ್ ಮಾರಿದವರ ಜೊತೆ ಜಗಳಕ್ಕೆ ಹೋಗಬೇಡಿ. ಉಬುಂಟುವಿನ ರೆಡಿ ಎಲ್‌ವಿಎಂ ವಿನ್ಯಾಸದಲ್ಲಿ 200 ಜಿಬಿಗಿಂತ ದೊಡ್ಡ ಡಿಸ್ಕ್ ಇದ್ದರೆ ರೂಟ್‌ಗೆ 100 ಜಿಬಿ ಮಾತ್ರ ಕೊಟ್ಟು, ಮಿಕ್ಕಿದ್ದನ್ನು ಖಾಲಿ ಬಿಡುತ್ತದೆ. 20ರಿಂದ 200 ಜಿಬಿ ನಡುವೆ ಇದ್ದರೆ ಉಳಿದ ಜಾಗದ ಅರ್ಧ ಕೊಡುತ್ತದೆ. ಮೇಲೆ ಹೇಳಿದ ಹಾಗೆ ಮುಂದೆ ಬೇಕಾದೀತು ಅನ್ನೋ ಲೆಕ್ಕ ಅದು.

ಜಾಗ ಎಲ್ಲೂ ಹೋಗಿಲ್ಲ. ‘ಎಲ್‌ವಿಎಕ್ಸ್‌ಟೆಂಡ್’ ಕಮಾಂಡ್‌ನಿಂದ ಎರಡು ನಿಮಿಷದಲ್ಲಿ ಹೆಚ್ಚಿಸಬಹುದು. ಎಲ್ಲ ಜಾಗ ಮೊದಲೇ ಬೇಕು ಅಂದ್ರೆ ಉತ್ತರ ಫೈಲ್‌ನಲ್ಲಿ ‘ಸೈಜಿಂಗ್ ಪಾಲಿಸಿ’ ಎದುರು ‘ಆಲ್’ ಅಂತ ಬರೆಯಬೇಕು. ಇನ್ನು 1 ಟಿಬಿ ಡಿಸ್ಕ್ 931 ಜಿಬಿ ಅಂತ ತೋರಿಸೋದು ಬೇರೆ ವಿಷಯ. ಕಂಪನಿಯವರು ಸಾವಿರದ ಲೆಕ್ಕದಲ್ಲಿ, ಕಂಪ್ಯೂಟರ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಬರೋ ವ್ಯತ್ಯಾಸ.

ಒಂದೇ ಡಿಸ್ಕ್, ಹಳೇ ಡೇಟಾ ಉಳೀಬೇಕು ಅಂದ್ರೆ?

ಉಳಿಸಬಹುದು. ಉಬುಂಟುವಿನಲ್ಲಿ ಆ ಪಾರ್ಟಿಷನ್ ಎದುರು ‘ಪ್ರಿಸರ್ವ್’ ಅಂತ ಬರೆಯಬೇಕು, ಕಿಕ್‌ಸ್ಟಾರ್ಟ್‌ನಲ್ಲಿ ‘ನೋಫಾರ್ಮ್ಯಾಟ್’. ಆದರೆ ಆಗ ರೆಡಿ ವಿನ್ಯಾಸ ಕೆಲಸಕ್ಕೆ ಬರಲ್ಲ, ಡಿಸ್ಕ್‌ನ ಪ್ರತಿ ಪಾರ್ಟಿಷನ್ ಬಗ್ಗೆಯೂ ಕೈಯಿಂದ ಬರೆಯಬೇಕು. ಒಂದು ಸಾಲು ಬಿಟ್ಟುಹೋದರೂ ಗಂಡಾಂತರ. ಹಾಗಾಗಿ ಇಂಥ ಕೆಲಸಕ್ಕೆ ಕೈ ಹಾಕುವ ಮುಂಚೆ ಹೊರಗಿನ ಡಿಸ್ಕ್‌ಗೆ ಬ್ಯಾಕಪ್ ತೆಗೆದು, ಆ ಬ್ಯಾಕಪ್ ಇನ್ನೊಂದು ಕಂಪ್ಯೂಟರ್‌ನಲ್ಲಿ ತೆರೆಯುತ್ತಾ ಅಂತ ನೋಡಲೇಬೇಕು. ತೆರೆದು ನೋಡದ ಬ್ಯಾಕಪ್ ನಂಬೋ ಹಾಗಿಲ್ಲ.

‘ನಮ್ಮಲ್ಲಿ ರೇಡ್ ಇದೆ, ಎರಡು ಡಿಸ್ಕ್‌ನಲ್ಲೂ ಒಂದೇ ಡೇಟಾ ಇರುತ್ತೆ’ ಅಂತ ಧೈರ್ಯ ಮಾಡಬೇಡಿ. ರೇಡ್ ಒಂದು ಡಿಸ್ಕ್ ಸತ್ತರೆ ಕಾಪಾಡುತ್ತದೆ. ಇನ್‌ಸ್ಟಾಲರ್ ಅಳಿಸಿದರೆ ಎರಡರಲ್ಲೂ ಅಳಿಸುತ್ತದೆ.

ಇದು ಬರೀ ವ್ಯಾಪಾರದ ಅನುಕೂಲದ ಮಾತಲ್ಲ. ಜಿಎಸ್‌ಟಿ ನೋಂದಣಿ ಇರುವವರು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೇ ದಿನಾಂಕದಿಂದ 72 ತಿಂಗಳು, ಅಂದ್ರೆ ಆರು ವರ್ಷ ಲೆಕ್ಕಪತ್ರ ಇಟ್ಟುಕೊಳ್ಳಬೇಕು ಅಂತ ಕಾನೂನೇ ಹೇಳುತ್ತದೆ. ‘ಓಎಸ್ ಹಾಕಿಸುವಾಗ ಅಳಿಸಿಹೋಯ್ತು ಸಾರ್’ ಅಂದ್ರೆ ಆ ಜವಾಬ್ದಾರಿ ತಪ್ಪಲ್ಲ.

ಮೊದಲು ಸುಳ್ಳು ಮೆಷಿನ್‌ನಲ್ಲಿ ಓಡಿಸಿ

ಟೆಕ್ನಿಷಿಯನ್‌ಗಳಿಗೆ ಒಂದು ಮಾತು. ಉತ್ತರ ಫೈಲ್ ಬರೆದ ಕೂಡಲೇ ಗಿರಾಕಿಯ ಸರ್ವರ್‌ಗೆ ಹಾಕಬೇಡಿ. ವರ್ಚುವಲ್‌ಬಾಕ್ಸ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಒಂದು ಚಿಕ್ಕ, ಒಂದು ದೊಡ್ಡ ಎರಡು ಡಿಸ್ಕ್ ಇರುವ ಮೆಷಿನ್ ಮಾಡಿ. ದೊಡ್ಡದರಲ್ಲಿ ನಾಲ್ಕು ಫೋಟೊ ಹಾಕಿ. ಆಮೇಲೆ ಇನ್‌ಸ್ಟಾಲ್ ಓಡಿಸಿ. ಫೋಟೊ ಉಳಿದಿದ್ದರೆ ಡಿಸ್ಕ್ ಆರಿಸುವ ಸಾಲು ಸರಿ ಇದೆ. ಡಿಸ್ಕ್‌ಗಳ ಕ್ರಮ ಅದಲು ಬದಲು ಮಾಡಿ ಇನ್ನೊಮ್ಮೆ ಓಡಿಸಿ. ಆಗಲೂ ಉಳಿದರೆ ಮಾತ್ರ ಆ ಫೈಲ್ ನಂಬಬಹುದು.

ತಪ್ಪು ಡಿಸ್ಕ್ ಅಳಿಸಿಹೋದರೆ

ಗೊತ್ತಾದ ಕ್ಷಣವೇ ಮೆಷಿನ್ ಆಫ್ ಮಾಡಿ. ‘ಇನ್ನೊಂದ್ ಸಲ ಓಎಸ್ ಹಾಕಿ ನೋಡೋಣ’ ಅಂತ ಹೋಗಲೇಬೇಡಿ. ಹಾರ್ಡ್ ಡಿಸ್ಕ್‌ನಲ್ಲಿ ಮೊದಲು ಹೋಗೋದು ನಕ್ಷೆ, ಬೆಳೆ ಇನ್ನೂ ನೆಲದಲ್ಲಿ ಇರಬಹುದು. ಮೇಲೆ ಹೊಸದು ಬರೆದಷ್ಟೂ ಹಳೇದು ಸಿಗೋ ಆಸೆ ಕಮ್ಮಿ. ಡೇಟಾ ರಿಕವರಿ ಮಾಡುವವರ ಕೈಗೆ ಆ ಡಿಸ್ಕ್ ಹಾಗೇ ಕೊಡಿ. ಎಸ್‌ಎಸ್‌ಡಿ ಆಗಿದ್ದರೆ ಕಷ್ಟ. ಫಾರ್ಮ್ಯಾಟ್ ಮಾಡುವಾಗ ‘ಈ ಜಾಗ ಖಾಲಿ’ ಅಂತ ಎಸ್‌ಎಸ್‌ಡಿಗೆ ಸೂಚನೆ ಹೋಗುತ್ತದೆ, ಅದು ಒಳಗೊಳಗೇ ಸ್ವಚ್ಛ ಮಾಡಿಬಿಡುತ್ತದೆ.

ಮೆಷಿನ್ ಕೈಗೆ ಕೊಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಒಳಗೆ ಎಷ್ಟು ಡಿಸ್ಕ್ ಇವೆ? ನನ್ನ ಲೆಕ್ಕ ಯಾವುದರಲ್ಲಿದೆ? ಎರಡರ ಸೀರಿಯಲ್ ನಂಬರೂ ಬಿಲ್ ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ.

2. ಓಎಸ್ ಹಾಕುವಾಗ ಡೇಟಾ ಡಿಸ್ಕ್‌ನ ಕೇಬಲ್ ಕೀಳ್ತೀರಾ? ಇಲ್ಲಾಂದ್ರೆ ಫೈಲ್‌ನಲ್ಲಿ ಯಾವ ಡಿಸ್ಕ್ ಅಂತ ಸೀರಿಯಲ್ ಬರೆದಿದ್ದೀರಾ?

3. ಬ್ಯಾಕಪ್ ತೆಗೆದಿದ್ದೀರಾ? ನನ್ನ ಎದುರು ತೆರೆದು ಒಂದು ಹಳೇ ಬಿಲ್ ತೋರಿಸ್ತೀರಾ?

4. ಅಳಿಸೋ ಮುಂಚೆ ಅದು ಒಮ್ಮೆ ಕೇಳುತ್ತಾ, ಕೇಳದೆ ಶುರು ಮಾಡುತ್ತಾ?

5. ಲೆಕ್ಕಕ್ಕೆ ಬೇರೆ ಪಾರ್ಟಿಷನ್ ಇದೆಯಾ? ಮುಂದೆ ಹೆಚ್ಚಿಸಲು ಜಾಗ ಬಿಟ್ಟಿದ್ದೀರಾ?

6. ಕೆಲಸ ಮುಗಿದ ಮೇಲೆ ಪೆನ್‌ಡ್ರೈವ್ ತೆಗೆದಿರಾ? ಬೂಟ್ ಕ್ರಮ ಬದಲಿಸಿದಿರಾ?

ಇದನ್ನೆಲ್ಲ ಕೇಳಿದರೆ ಒಳ್ಳೇ ಟೆಕ್ನಿಷಿಯನ್ ಬೇಜಾರು ಮಾಡಿಕೊಳ್ಳಲ್ಲ. ಎರಡನೇ ಪ್ರಶ್ನೆಗೆ ‘ಅದೆಲ್ಲ ತಾನೇ ಆಗುತ್ತೆ ಬಿಡಿ’ ಅನ್ನುವ ಉತ್ತರ ಬಂದರೆ, ಮೆಷಿನ್ ವಾಪಸ್ ತಗೊಂಡು ಮೊದಲು ಬ್ಯಾಕಪ್ ತೆಗೆಸಿ.